ಮೂಲಪಾಠದ ಒಡೆತನ: ಸ್ವತಂತ್ರ ತಂತ್ರಾಂಶದ ಉದಯ

1975ನೆಯ ಇಸವಿ ಮಾರ್ಚ್ 5ರ ಬುಧವಾರ ರಾತ್ರಿ, ಅಮೆರಿಕದ ಕ್ಯಾಲಿಫೋರ್ನಿಯಾ ಸಂಸ್ಥಾನದ ಮೆನ್ಲೊ ಪಾರ್ಕ್ ಎಂಬ ಊರಿನಲ್ಲಿ, ಗಾರ್ಡನ್ ಫ್ರೆಂಚ್ ಎಂಬವರ ಮನೆಯ ಗ್ಯಾರೇಜಿನೊಳಗೆ ಸುಮಾರು ಮೂವತ್ತು ಮಂದಿ ಕಲೆತು, ಆ ವರ್ಷದ ಜನವರಿಯಲ್ಲಿ ‘ಪಾಪ್ಯುಲರ್ ಎಲೆಕ್ಟ್ರಾನಿಕ್ಸ್’ ಪತ್ರಿಕೆಯ ಮುಖಪುಟದಲ್ಲಿ ಕಾಣಿಸಿಕೊಂಡಿದ್ದ ಆಲ್ಟೇರ್ 8800 ಎಂಬ ಪುಟ್ಟ ಗಣಕಯಂತ್ರವೊಂದನ್ನು ನಡುವೆ ಇರಿಸಿಕೊಂಡು, ಅದರ ಗುಣದೋಷಗಳನ್ನು ತಮ್ಮತಮ್ಮೊಳಗೆ ವಿಚಾರಿಸತೊಡಗಿದರು. ಆ ಯಂತ್ರಕ್ಕೆ ಕೀಲಿಮಣೆಯಿರಲಿಲ್ಲ, ಪರದೆಯೂ ಇರಲಿಲ್ಲ. ಮುಂಭಾಗದ ಫಲಕದ ಚಿಕ್ಕ ಸ್ವಿಚ್ಚುಗಳನ್ನು ಒಂದೊಂದಾಗಿ ಮೇಲಕ್ಕೂ ಕೆಳಕ್ಕೂ ಸರಿಸಿ ಆಜ್ಞೆಗಳನ್ನು ಊಡಬೇಕು, ದೀಪಗಳ ಮಿನುಗಿನಿಂದ ಉತ್ತರವನ್ನು ಓದಿಕೊಳ್ಳಬೇಕು. ಹಾಗಿದ್ದೂ ಅಲ್ಲಿ ನೆರೆದವರ ಕಣ್ಣಿಗೆ ಅದೊಂದು ವಿಸ್ಮಯವೇ ಆಗಿತ್ತು. ಏಕೆಂದರೆ ಅದುವರೆಗೆ ಗಣಕಯಂತ್ರವೆಂಬುದು ಸರ್ಕಾರಗಳ, ಬ್ಯಾಂಕುಗಳ, ವಿಶ್ವವಿದ್ಯಾನಿಲಯಗಳ ಶೀತಲ ಕೊಠಡಿಗಳಲ್ಲಿ ಪ್ರತಿಷ್ಠಿತವಾಗಿ, ಬಳಿ ಸುಳಿಯುವುದಕ್ಕೂ ಅನುಮತಿಯನ್ನು ಬೇಡುತ್ತಿದ್ದ ವಸ್ತುವಾಗಿತ್ತು. 397 ಡಾಲರಿಗೆ ಬಿಡಿಭಾಗಗಳ ಪೆಟ್ಟಿಗೆಯಾಗಿ ಅಂಚೆಯಲ್ಲಿ ಬರುತ್ತಿದ್ದ ಈ ಯಂತ್ರದಿಂದ, ಸಾಮಾನ್ಯ ಗೃಹಸ್ಥನೂ ಗಣಕದ ಒಡೆಯನಾಗಬಹುದೆಂಬ ಮಾತು ಮೊದಲ ಬಾರಿಗೆ ಸತ್ಯವಾಯಿತು.

‘ಹೋಮ್‌ಬ್ರೂ ಕಂಪ್ಯೂಟರ್ ಕ್ಲಬ್’ ಎಂಬ ಹೆಸರು ತಾಳಿದ ಆ ಕೂಟದ ಧರ್ಮವು ಸರಳವಾಗಿತ್ತು: ಒಬ್ಬನು ಕಂಡುಕೊಂಡುದನ್ನು ಎಲ್ಲರಿಗೂ ಹೇಳಬೇಕು. ಮುಂದೆ ಆಪಲ್ ಸಂಸ್ಥೆಯನ್ನು ಕಟ್ಟಿದವರಲ್ಲಿ ಒಬ್ಬರಾದ ಸ್ಟೀವ್ ವೋಜ್ನಿಯಾಕರು ತಮ್ಮ ಮೊದಲ ಯಂತ್ರದ ವಿದ್ಯುನ್ಮಂಡಲದ ನಕ್ಷೆಯನ್ನು ಅಲ್ಲಿಯ ಸದಸ್ಯರಿಗೆ ಹಂಚಿದ್ದು ಈ ಧರ್ಮವನ್ನು ಅನುಸರಿಸಿಯೇ. ಇದೇ ಧರ್ಮಕ್ಕೆ ಅನುಗುಣವಾಗಿ, ಆಲ್ಟೇರಿಗಾಗಿ ಬಿಲ್ ಗೇಟ್ಸ್ ಮತ್ತು ಪಾಲ್ ಆಲನ್ ಎಂಬ ತರುಣರಿಬ್ಬರು ರಚಿಸಿದ್ದ ಬೇಸಿಕ್ ಭಾಷೆಯ ಕಾಗದದ ಟೇಪೊಂದು ಕೂಟದವರ ಕೈಗೆ ಸಿಕ್ಕಿದೊಡನೆ, ಅದರ ಪ್ರತಿಗಳು ಹತ್ತಾರಾಗಿ ಹರಡಿದುವು. 1976ರ ಫೆಬ್ರವರಿ 3ರಂದು ಗೇಟ್ಸರು ಹವ್ಯಾಸಿಗಳನ್ನು ಸಂಬೋಧಿಸಿ ಒಂದು ಬಹಿರಂಗ ಪತ್ರವನ್ನು ಬರೆದು, ಆಲ್ಟೇರ್ ಉಳ್ಳವರಲ್ಲಿ ನೂರಕ್ಕೆ ಹತ್ತಕ್ಕಿಂತ ಕಡಿಮೆ ಮಂದಿ ಬೇಸಿಕ್ಕನ್ನು ಹಣ ಕೊಟ್ಟು ಕೊಂಡಿದ್ದಾರೆಂದೂ, ಬಂದ ಗೌರವಧನವನ್ನು ದುಡಿದ ವೇಳೆಗೆ ಹಂಚಿದರೆ ಗಂಟೆಗೆ ಎರಡು ಡಾಲರಿನಷ್ಟೂ ಗಿಟ್ಟುವುದಿಲ್ಲವೆಂದೂ, ಇದು ಕಳವಲ್ಲದೆ ಬೇರೆಯಲ್ಲವೆಂದೂ ದೂರಿದರು. ದುಡಿದವನಿಗೆ ಕೂಲಿ ಬೇಕೆಂಬ ಈ ಅಳಲಿನಲ್ಲಿ ನ್ಯಾಯವಿಲ್ಲದೆ ಇರಲಿಲ್ಲ. ಆದರೆ ಅದೇ ಕಾಲದಲ್ಲಿ ಇನ್ನೊಂದು ಉತ್ತರವೂ ಮೊಳೆಯುತ್ತಿದ್ದುದನ್ನು ಇತಿಹಾಸಕಾರನು ಗಮನಿಸಬೇಕು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಡೆನಿಸ್ ಆಲಿಸನ್ ಎಂಬವರು ‘ಟೈನಿ ಬೇಸಿಕ್’ ಎಂಬ ಕಿರಿಯ ಭಾಷೆಯೊಂದನ್ನು ಯಾರು ಬೇಕಾದರೂ ರಚಿಸಿಕೊಳ್ಳುವಂತೆ ಅದರ ವಿಧಾನವನ್ನು ಪ್ರಕಟಿಸಿದರು. ಓದುಗರು ತಮ್ಮತಮ್ಮ ರಚನೆಗಳನ್ನು ಕಳುಹಿಸಿದರು. ಅವುಗಳನ್ನು ಅಚ್ಚುಹಾಕುವುದಕ್ಕಾಗಿಯೇ 1976ರ ಜನವರಿಯಲ್ಲಿ ‘ಡಾಕ್ಟರ್ ಡಾಬ್ಸ್ ಜರ್ನಲ್’ ಎಂಬ ಪತ್ರಿಕೆಯು ಹುಟ್ಟಿತು. ಈ ಪತ್ರಿಕೆಯ ಹೆಸರನ್ನು ವಾಚಕರು ನೆನಪಿನಲ್ಲಿಡಬೇಕೆಂದು ಕೋರುತ್ತೇನೆ. ಒಂಬತ್ತು ವರ್ಷಗಳ ತರುವಾಯ ಈ ಕಥೆಯಲ್ಲಿ ಅದು ಮತ್ತೊಮ್ಮೆ ಬರಲಿದೆ.

ಇಲ್ಲಿ ತುಸು ನಿಂತು, ಈ ವ್ಯಾಜ್ಯದ ಮೂಲವಸ್ತು ಏನೆಂಬುದನ್ನು ತಿಳಿದುಕೊಳ್ಳುವುದು ಉಚಿತ. ಗಣಕಯಂತ್ರವು ನಡೆಯುವುದು ತಂತ್ರಾಂಶದ ಆಜ್ಞೆಯಿಂದ. ಆ ಆಜ್ಞೆಯನ್ನು ಮನುಷ್ಯನು ಬರೆಯುವುದು ಮನುಷ್ಯನಿಗೆ ಓದಲು ಬರುವ ಒಂದು ಭಾಷೆಯಲ್ಲಿ; ಸೋರ್ಸ್ ಕೋಡ್ ಎಂದು ವೃತ್ತಿಯವರು ಕರೆಯುವ ಇದನ್ನು ನಾವು ಮೂಲಪಾಠವೆಂದು ಕರೆಯೋಣ. ಕಂಪೈಲರ್ ಎಂಬ ಮತ್ತೊಂದು ತಂತ್ರಾಂಶವು ಆ ಮೂಲಪಾಠವನ್ನು ಯಂತ್ರಕ್ಕೆ ಮಾತ್ರ ತಿಳಿಯುವ ಸೊನ್ನೆ ಒಂದುಗಳ ಸಾಲಾಗಿ ಮಾರ್ಪಡಿಸುತ್ತದೆ. ಈ ಎರಡನೆಯ ರೂಪವನ್ನಷ್ಟೇ ಪಡೆದವನು ತಂತ್ರಾಂಶವನ್ನು ನಡೆಸಬಲ್ಲನೇ ಹೊರತು, ಅದು ಒಳಗೆ ಏನು ಮಾಡುತ್ತಿದೆಯೆಂದು ಓದಲಾರ, ತಪ್ಪಿದ್ದರೆ ತಿದ್ದಲಾರ, ತನ್ನ ಊರಿಗೂ ನುಡಿಗೂ ಹೊಂದುವಂತೆ ಮಾರ್ಪಡಿಸಲಾರ. ತಾಳೆಯೋಲೆಯ ಕಾಲದಲ್ಲಿ ನಮ್ಮ ಕಾವ್ಯಗಳು ಉಳಿದು ಬಂದುದು, ಮಠದಲ್ಲಿಯೂ ಬಸದಿಯಲ್ಲಿಯೂ ಮನೆಯ ಅಟ್ಟದಲ್ಲಿಯೂ ಇದ್ದ ಲಿಪಿಕಾರರು ಪಾಠವನ್ನು ಓದಿ, ಪ್ರತಿ ಮಾಡಿ, ಕೈಯಿಂದ ಕೈಗೆ ದಾಟಿಸಿದುದರಿಂದ. ಓದಬಾರದ, ಪ್ರತಿ ಮಾಡಬಾರದ, ತಿದ್ದಬಾರದ ಗ್ರಂಥವೊಂದಿದ್ದಿದ್ದರೆ ಅದು ಬರೆಸಿದವನ ಮನೆತನದೊಡನೆಯೇ ಅಳಿಯುತ್ತಿತ್ತು. ಪೆಟ್ಟಿಗೆಯ ಒಡೆತನ ಒಂದು, ಪಾಠದ ಒಡೆತನ ಮತ್ತೊಂದು. ಗಣಕವು ಮನೆಮನೆಗೆ ಬಂದ ಯುಗದಲ್ಲಿ ಜನರು ಮೊದಲನೆಯದನ್ನು ಪಡೆಯುತ್ತ ಎರಡನೆಯದನ್ನು ಕಳೆದುಕೊಂಡರೆಂಬುದೇ ಈ ಇತಿಹಾಸದ ತಿರುಳು.

ಅದಕ್ಕೆ ಮುಂಚಿನ ಸಂಪ್ರದಾಯವು ಬೇರೆಯಾಗಿತ್ತು. ಐಬಿಎಂ ಸಂಸ್ಥೆಯ ದೊಡ್ಡ ಯಂತ್ರಗಳನ್ನು ಬಳಸುತ್ತಿದ್ದವರು 1955ರಷ್ಟು ಹಿಂದೆಯೇ ‘ಶೇರ್’ ಎಂಬ ಸಂಘವನ್ನು ಕಟ್ಟಿಕೊಂಡು, ತಾವು ಬರೆದ ತಂತ್ರಾಂಶಗಳನ್ನು ಪರಸ್ಪರ ವಿನಿಮಯ ಮಾಡಿಕೊಳ್ಳುತ್ತಿದ್ದರು. ಯಂತ್ರದ ಬೆಲೆಯಲ್ಲಿಯೇ ತಂತ್ರಾಂಶವೂ ಅಡಕವಾಗಿರುತ್ತಿತ್ತು. 1969ರಲ್ಲಿ ಐಬಿಎಂ ಸಂಸ್ಥೆಯು ಇವೆರಡಕ್ಕೂ ಬೇರೆಬೇರೆ ಬೆಲೆ ಕಟ್ಟುವುದಾಗಿ ಸಾರಿದಂದಿನಿಂದ ತಂತ್ರಾಂಶವು ಸ್ವತಂತ್ರ ಸರಕಾಯಿತು; 1980ರಲ್ಲಿ ಅಮೆರಿಕದ ಹಕ್ಕುಸ್ವಾಮ್ಯದ ಕಾನೂನು ಅದನ್ನು ಸ್ಪಷ್ಟವಾಗಿ ತನ್ನ ರಕ್ಷಣೆಗೆ ತೆಗೆದುಕೊಂಡಿತು; 1981ರ ಆಗಸ್ಟಿನಲ್ಲಿ ಐಬಿಎಂ ತನ್ನ ಪರ್ಸನಲ್ ಕಂಪ್ಯೂಟರನ್ನು ಹೊರತಂದಾಗ, ಅದರೊಳಗಿನ ಕಾರ್ಯಾಚರಣ ವ್ಯವಸ್ಥೆಯನ್ನು ಒದಗಿಸಿದುದು ಗೇಟ್ಸರ ಮೈಕ್ರೋಸಾಫ್ಟ್. ಐಬಿಎಂ ಯಂತ್ರವನ್ನು ಹೋಲುವ ಯಂತ್ರಗಳನ್ನು ನೂರಾರು ತಯಾರಕರು ಮಾಡತೊಡಗಿ ಪೆಟ್ಟಿಗೆಯ ಬೆಲೆ ಇಳಿಯುತ್ತ ಹೋಯಿತು. ಪೆಟ್ಟಿಗೆ ಯಾರದೇ ಆದರೂ ಒಳಗಿನ ವ್ಯವಸ್ಥೆ ಮಾತ್ರ ಒಬ್ಬರದೇ ಆಯಿತು. ತಯಾರಕನು ಹೊರಡಿಸಿದ ಪ್ರತಿಯೊಂದು ಯಂತ್ರಕ್ಕೂ, ಅದರಲ್ಲಿ ಮೈಕ್ರೋಸಾಫ್ಟಿನ ವ್ಯವಸ್ಥೆಯಿರಲಿ ಇಲ್ಲದಿರಲಿ, ಶುಲ್ಕ ತೆರಬೇಕೆಂಬ ಬಗೆಯ ಒಪ್ಪಂದಗಳು ಬಳಕೆಗೆ ಬಂದುವು. 1994ರ ಜುಲೈಯಲ್ಲಿ ಅಮೆರಿಕದ ನ್ಯಾಯ ಇಲಾಖೆಯೊಡನೆ ಆದ ರಾಜಿಯಲ್ಲಿ ಆ ಪದ್ಧತಿಯನ್ನು ಕೈಬಿಡಲು ಸಂಸ್ಥೆಯು ಒಪ್ಪುವವರೆಗೆ ಅದು ನಡೆದುಬಂದಿತು. ಬೇರೊಂದು ವ್ಯವಸ್ಥೆಯನ್ನು ಬಯಸಿದವನು ಎರಡಕ್ಕೂ ಹಣ ತೆರುವಂತಾದರೆ ಬಯಕೆಯೇ ಬತ್ತುವುದು ಸಹಜವಷ್ಟೆ.

ಈ ಪ್ರವಾಹಕ್ಕೆ ಎದುರು ಈಜಿದ ಮೊದಲ ಮನುಷ್ಯನ ಕಥೆಯು ಒಂದು ಮುದ್ರಣಯಂತ್ರದಿಂದ ಆರಂಭವಾಗುತ್ತದೆ. ಮೆಸಾಚುಸೆಟ್ಸ್ ತಂತ್ರವಿದ್ಯಾ ಸಂಸ್ಥೆಯ ಕೃತಕ ಬುದ್ಧಿಮತ್ತೆಯ ಪ್ರಯೋಗಾಲಯಕ್ಕೆ 1971ರಲ್ಲಿ ಸೇರಿದ್ದ ರಿಚರ್ಡ್ ಸ್ಟಾಲ್‌ಮನ್ನರು, ಅಲ್ಲಿಯ ಹಳೆಯ ಮುದ್ರಣಯಂತ್ರದಲ್ಲಿ ಕಾಗದವು ಪದೇಪದೇ ಸಿಕ್ಕಿಕೊಳ್ಳುತ್ತಿದ್ದುದನ್ನೂ, ಬೇರೆ ಅಂತಸ್ತಿನಲ್ಲಿ ಕುಳಿತವರು ತಮ್ಮ ಪುಟಗಳು ಆಗಿರಬಹುದೆಂದು ನಂಬಿ ಬಂದು ಬರಿಗೈಯಲ್ಲಿ ನಿಲ್ಲುತ್ತಿದ್ದುದನ್ನೂ ಕಂಡು, ಯಂತ್ರವನ್ನು ನಡೆಸುತ್ತಿದ್ದ ತಂತ್ರಾಂಶದ ಮೂಲಪಾಠಕ್ಕೆ ಕೆಲವು ಸಾಲುಗಳನ್ನು ಸೇರಿಸಿದರು: ಕಾಗದ ಸಿಕ್ಕಿಕೊಂಡ ಕ್ಷಣವೇ, ತಮ್ಮ ಸರದಿಗಾಗಿ ಕಾಯುತ್ತಿರುವವರೆಲ್ಲರ ಪರದೆಯ ಮೇಲೆ ಆ ಸುದ್ದಿ ಮೂಡುವಂತಾಯಿತು. ಯಂತ್ರದ ರೋಗ ಗುಣವಾಗಲಿಲ್ಲ. ಆದರೆ ಕಾಯುತ್ತಿದ್ದವರಲ್ಲಿ ಯಾರಾದರೊಬ್ಬರು ಎದ್ದುಹೋಗಿ ಸರಿಪಡಿಸುವಂತಾಯಿತು. 1980ರ ಸುಮಾರಿಗೆ ಜೆರಾಕ್ಸ್ ಸಂಸ್ಥೆಯ ಹೊಸ ಲೇಸರ್ ಮುದ್ರಣಯಂತ್ರವೊಂದು ಪ್ರಯೋಗಾಲಯಕ್ಕೆ ಬಂದಿತು. ಅದು ವೇಗವಾಗಿತ್ತು, ಅಂದವಾಗಿ ಅಚ್ಚೊತ್ತುತ್ತಿತ್ತು, ಕಾಗದವನ್ನು ಮಾತ್ರ ಹಿಂದಿನಂತೆಯೇ ಕಚ್ಚಿಕೊಳ್ಳುತ್ತಿತ್ತು. ಸ್ಟಾಲ್‌ಮನ್ನರು ಹಳೆಯ ಉಪಾಯವನ್ನೇ ಇದಕ್ಕೂ ಅಳವಡಿಸಲು ಹೊರಟಾಗ, ಅದರ ಮೂಲಪಾಠವನ್ನು ಸಂಸ್ಥೆಯು ಕೊಟ್ಟೇ ಇಲ್ಲವೆಂದು ತಿಳಿಯಿತು. ಕಾರ್ನೆಗಿ ಮೆಲನ್ ವಿಶ್ವವಿದ್ಯಾನಿಲಯದಲ್ಲಿ ಆ ಪಾಠದ ಪ್ರತಿಯುಳ್ಳ ವಿದ್ವಾಂಸರೊಬ್ಬರಿದ್ದಾರೆಂದು ಕೇಳಿ, ಅಲ್ಲಿಗೆ ಹೋದ ಸಂದರ್ಭದಲ್ಲಿ ಅವರನ್ನು ಕಂಡು ಕೇಳಿದರೆ, ಯಾರಿಗೂ ಕೊಡುವುದಿಲ್ಲವೆಂದು ತಾವು ಕರಾರಿಗೆ ಸಹಿ ಹಾಕಿರುವುದಾಗಿ ಅವರು ತಿಳಿಸಿದರು.

ಒಂದು ಮುದ್ರಣಯಂತ್ರಕ್ಕಾಗಿ ಇಷ್ಟು ಖೇದವೇಕೆ ಎಂದು ಯಾರಾದರೂ ಕೇಳಬಹುದು. ನೆರೆಯವನು ಬೇಡಿದ ನೆರವನ್ನು, ಅದನ್ನು ಕೊಡುವುದರಿಂದ ತನ್ನಲ್ಲಿ ಏನೂ ಕುಂದದಿದ್ದರೂ, ಕೊಡುವುದಿಲ್ಲವೆಂದು ಮೊದಲೇ ಪ್ರತಿಜ್ಞೆ ಮಾಡಿ ಕುಳಿತ ಸಜ್ಜನನನ್ನು ಸ್ಟಾಲ್‌ಮನ್ನರು ಅಂದು ಮುಖಾಮುಖಿಯಾಗಿ ಕಂಡರು. ಆ ಪ್ರತಿಜ್ಞೆಯು ತಮ್ಮೊಬ್ಬರ ವಿರುದ್ಧವಲ್ಲ, ಸಮಸ್ತ ಲೋಕದ ವಿರುದ್ಧವೆಂಬುದು ಅವರಿಗೆ ಹೊಳೆಯಿತು. ಇದರ ಬೆನ್ನಲ್ಲೇ ಅವರ ಪ್ರಯೋಗಾಲಯವೇ ಒಡೆಯಿತು. ಅಲ್ಲಿ ಹುಟ್ಟಿದ ಲಿಸ್ಪ್ ಯಂತ್ರವೆಂಬ ಗಣಕವನ್ನು ಮಾರಲು ಸಿಂಬಾಲಿಕ್ಸ್ ಮತ್ತು ಎಲ್‌ಎಂಐ ಎಂಬ ಎರಡು ಸಂಸ್ಥೆಗಳು ತಲೆಯೆತ್ತಿ, 1981ರ ಸುಮಾರಿಗೆ ಅಲ್ಲಿಯ ನಿಪುಣರಲ್ಲಿ ಹೆಚ್ಚಿನವರನ್ನು ಕರೆದೊಯ್ದುವು. ವರ್ಷಗಟ್ಟಲೆ ಎಲ್ಲರೂ ಕೂಡಿ ಬರೆದು ತಿದ್ದಿದ್ದ ವ್ಯವಸ್ಥೆಯು ಹಳೆಯ ಯಂತ್ರದೊಡನೆ ಮೂಲೆಗೆ ಸೇರಿ, ಹೊಸ ಯಂತ್ರದೊಡನೆ ಮುಚ್ಚಿದ ತಂತ್ರಾಂಶವು ಒಳಬಂದಿತು. ಬೇರೆಯವರಂತೆ ಕರಾರಿಗೆ ಸಹಿ ಹಾಕಿ ಸುಖವಾಗಿರುವುದು, ಇಲ್ಲವೇ ಈ ವಿದ್ಯೆಯನ್ನೇ ಬಿಟ್ಟು ಹೋಗುವುದು, ಇವೆರಡೇ ದಾರಿಗಳು ಮುಂದೆ ಕಂಡಾಗ, ಅವರು ಮೂರನೆಯದೊಂದನ್ನು ಆರಿಸಿಕೊಂಡರು. 1983ರ ಸೆಪ್ಟೆಂಬರ್ 27ರಂದು, ಯುನಿಕ್ಸ್ ವ್ಯವಸ್ಥೆಯನ್ನು ಹೋಲುವ, ಎಲ್ಲರೂ ಓದಿ ತಿದ್ದಿ ಹಂಚಬಹುದಾದ ಸಂಪೂರ್ಣ ವ್ಯವಸ್ಥೆಯೊಂದನ್ನು ತಾವು ಬರೆಯುವುದಾಗಿ ಗಣಕಜಾಲದಲ್ಲಿ ಪ್ರಕಟಿಸಿದರು. ಅದರ ಹೆಸರು ಗ್ನೂ. ಯುನಿಕ್ಸ್ ಅಲ್ಲದ್ದು ಎಂಬ ಅರ್ಥವನ್ನು ತನ್ನೊಳಗೇ ಬಚ್ಚಿಟ್ಟುಕೊಂಡ ಹೆಸರು. 1984ರ ಜನವರಿಯಲ್ಲಿ, ತಮ್ಮ ಬರಹದ ಮೇಲೆ ವಿದ್ಯಾಸಂಸ್ಥೆಯು ಹಕ್ಕು ಸಾಧಿಸದಿರಲೆಂದು ಉದ್ಯೋಗಕ್ಕೆ ರಾಜೀನಾಮೆ ಕೊಟ್ಟರು. ಪ್ರಯೋಗಾಲಯದ ಮುಖ್ಯಸ್ಥರಾದ ಪ್ಯಾಟ್ರಿಕ್ ವಿನ್‌ಸ್ಟನ್ನರು ಮಾತ್ರ, ಉದ್ಯೋಗವಿಲ್ಲದಿದ್ದರೂ ಅಲ್ಲಿಯ ಸೌಕರ್ಯಗಳನ್ನು ಬಳಸಿಕೊಳ್ಳಿರೆಂದು ಉದಾರವಾಗಿ ಹೇಳಿದರು.

ಯುನಿಕ್ಸನ್ನೇ ಮಾದರಿಯಾಗಿ ಆರಿಸಿಕೊಂಡುದರಲ್ಲಿ ವಿವೇಕವಿತ್ತು. ಬೆಲ್ ಪ್ರಯೋಗಾಲಯದಲ್ಲಿ 1969ರಲ್ಲಿ ಹುಟ್ಟಿದ ಆ ವ್ಯವಸ್ಥೆಯು ಒಂದೇ ಬಂಡೆಯಲ್ಲಿ ಕಡೆದ ಗುಡಿಯಂತಿರದೆ, ಸಣ್ಣ ಸಣ್ಣ ಉಪಕರಣಗಳ ಜೋಡಣೆಯಾಗಿತ್ತು. ಒಂದೊಂದು ಉಪಕರಣವನ್ನೂ ಬೇರೆಬೇರೆ ಜನರು ಬೇರೆಬೇರೆ ಊರುಗಳಲ್ಲಿ ಕುಳಿತು ಬರೆದು, ಸಿದ್ಧವಾದುದನ್ನು ಒಡನೆಯೇ ಬಳಕೆಗೆ ತರಬಹುದಾಗಿತ್ತು. ಮೊದಲು ಸಿದ್ಧವಾದುದು ಗ್ನೂ ಇಮ್ಯಾಕ್ಸ್ ಎಂಬ ಬರಹದ ಸಾಧನ. ಗಣಕಜಾಲದ ಸಂಪರ್ಕವಿಲ್ಲದವರಿಗೆ ಸ್ಟಾಲ್‌ಮನ್ನರು ಅದನ್ನು ಟೇಪಿನಲ್ಲಿ ತುಂಬಿಸಿ ಅಂಚೆಯ ಮೂಲಕ ಕಳುಹಿಸುತ್ತಿದ್ದರು. ಒಂದು ಟೇಪಿಗೆ 150 ಡಾಲರ್. ಸ್ವತಂತ್ರವೆಂದರೆ ಬಿಟ್ಟಿಯಲ್ಲವೆಂಬುದು ಆ ಟೇಪಿನ ಬೆಲೆಯಿಂದಲೇ ತಿಳಿಯುವಂತಿತ್ತು. ಕೊಂಡವನು ಅದನ್ನು ನೂರು ಮಂದಿಗೆ ಹಂಚಬಹುದು, ತಿದ್ದಿ ಹಂಚಬಹುದು, ಬೇಕಾದರೆ ಮಾರಲೂಬಹುದು. 1985ರ ಮಾರ್ಚಿನಲ್ಲಿ ಈ ಉದ್ಯಮದ ತತ್ತ್ವವನ್ನು ವಿವರಿಸುವ ಗ್ನೂ ಪ್ರಣಾಳಿಕೆಯು ಅಚ್ಚಾಯಿತು. ಅಚ್ಚಾದುದು ಮತ್ತೆಲ್ಲಿಯೂ ಅಲ್ಲ, ಟೈನಿ ಬೇಸಿಕ್ಕಿನ ಮೂಲಪಾಠಗಳನ್ನು ಪ್ರಕಟಿಸಲೆಂದು ಹುಟ್ಟಿದ್ದ ಅದೇ ಡಾಕ್ಟರ್ ಡಾಬ್ಸ್ ಪತ್ರಿಕೆಯಲ್ಲಿ. ಆ ವರ್ಷದ ಅಕ್ಟೋಬರಿನಲ್ಲಿ ಫ್ರೀ ಸಾಫ್ಟ್‌ವೇರ್ ಫೌಂಡೇಶನ್ ಸ್ಥಾಪಿತವಾಯಿತು. 1987ರಲ್ಲಿ ಗ್ನೂ ಕಂಪೈಲರ್, ಅನಂತರ ಬ್ಯಾಷ್ ಎಂಬ ಆಜ್ಞಾಸಾಧನ, ಹೀಗೆ ಒಂದೊಂದಾಗಿ ಉಪಕರಣಗಳು ಒದಗಿದುವು.

ಆದರೆ ಒಳ್ಳೆಯ ಮನಸ್ಸೂ ಒಳ್ಳೆಯ ತಂತ್ರಾಂಶವೂ ಇದ್ದ ಮಾತ್ರಕ್ಕೆ ಸ್ವಾತಂತ್ರ್ಯ ಉಳಿಯುವುದಿಲ್ಲವೆಂಬ ಪಾಠವನ್ನು ಇಮ್ಯಾಕ್ಸ್ ತಾನೇ ಕಲಿಸಿತು. ಅದರ ಮೊದಲ ಆವೃತ್ತಿಗಳಲ್ಲಿ, ಜೇಮ್ಸ್ ಗಾಸ್ಲಿಂಗ್ ಎಂಬವರು ಹಿಂದೆ ಬರೆದು ಹಂಚಿದ್ದ ಇನ್ನೊಂದು ಇಮ್ಯಾಕ್ಸಿನ ಕೆಲವು ಭಾಗಗಳು ಸೇರಿದ್ದುವು. ಅಷ್ಟರೊಳಗೆ ಗಾಸ್ಲಿಂಗರು ತಮ್ಮ ರಚನೆಯ ಹಕ್ಕನ್ನು ಒಂದು ವ್ಯಾಪಾರಿ ಸಂಸ್ಥೆಗೆ ಮಾರಿದ್ದರು. ಆ ಸಂಸ್ಥೆಯು ಹಂಚಬಾರದೆಂದು ತಡೆಯಿತು. ಸ್ಟಾಲ್‌ಮನ್ನರು ಆ ಭಾಗಗಳನ್ನೆಲ್ಲ ಕಿತ್ತುಹಾಕಿ 1985ರಲ್ಲಿ ಹೊಸದಾಗಿ ಬರೆಯಬೇಕಾಯಿತು. ನಿನ್ನೆ ಎಲ್ಲರದಾಗಿದ್ದ ಪಾಠವು ಇಂದು ಒಬ್ಬನ ಬೀಗದೊಳಗೆ ಸೇರಬಹುದಾದರೆ, ಆ ಬೀಗವನ್ನೇ ಅಸಾಧ್ಯವಾಗಿಸುವ ಉಪಾಯ ಯಾವುದು? ಬಹುಕಾಲದ ಚಿಂತನೆಯ ಫಲವಾಗಿ 1989ರ ಫೆಬ್ರವರಿಯಲ್ಲಿ ಹೊರಬಂದ ಗ್ನೂ ಜನರಲ್ ಪಬ್ಲಿಕ್ ಲೈಸೆನ್ಸ್ ಎಂಬ ಪರವಾನಗಿಯು ಈ ಪ್ರಶ್ನೆಗೆ ಉತ್ತರ. ಅದನ್ನು ಸಾರ್ವಜನಿಕ ಪರವಾನಗಿಯೆಂದು ಕರೆಯೋಣ. ಅದರ ಚಾತುರ್ಯವಿರುವುದು, ಹಕ್ಕುಸ್ವಾಮ್ಯದ ಕಾನೂನನ್ನು ಮುರಿಯದೆ, ಅದೇ ಕಾನೂನನ್ನು ಜನರ ಪರವಾಗಿ ತಿರುಗಿಸಿದುದರಲ್ಲಿ. ಬರೆದವನು ತನ್ನ ಹಕ್ಕನ್ನು ತೊರೆಯುವುದಿಲ್ಲ. ಆ ಹಕ್ಕಿನ ಬಲದಿಂದಲೇ, ಈ ತಂತ್ರಾಂಶವನ್ನು ಯಾವ ಕಾರ್ಯಕ್ಕಾದರೂ ಬಳಸಿರಿ, ಓದಿರಿ, ತಿದ್ದಿರಿ, ಹಂಚಿರಿ ಎಂದು ಸರ್ವರಿಗೂ ಅನುಮತಿ ಕೊಟ್ಟು, ಒಂದೇ ಒಂದು ನಿಬಂಧನೆಯನ್ನು ಹಾಕುತ್ತಾನೆ: ತಿದ್ದಿದುದನ್ನು ಇತರರಿಗೆ ಹಂಚುವುದಾದರೆ, ಮೂಲಪಾಠದೊಡನೆ, ಇದೇ ಅನುಮತಿಗಳೊಡನೆ ಹಂಚಬೇಕು. ಹೊಳೆಯಿಂದ ಕಾಲುವೆ ತೋಡಿಕೊಂಡವನು ಕಾಲುವೆಯ ನೀರಿಗೆ ಬೇಲಿ ಹಾಕಬಾರದೆಂಬ ಊರಿನ ಕಟ್ಟಳೆಯಂತಿದೆ ಇದು.

ಈ ಕಟ್ಟಳೆಯು ಕಾಗದದ ಮೇಲಿನ ಹಾರೈಕೆಯಾಗಿ ಉಳಿಯಲಿಲ್ಲ. ಆಪಲ್ ಸಂಸ್ಥೆಯಿಂದ ಹೊರಬಂದ ಸ್ಟೀವ್ ಜಾಬ್ಸರು ಕಟ್ಟಿದ ನೆಕ್ಸ್ಟ್ ಸಂಸ್ಥೆಯು, ತನ್ನ ಯಂತ್ರಗಳಿಗೆ ಬೇಕಾದ ಆಬ್ಜೆಕ್ಟಿವ್ ಸಿ ಭಾಷೆಯ ಕಂಪೈಲರನ್ನು ಗ್ನೂ ಕಂಪೈಲರಿನ ಮೇಲೆ ಕಟ್ಟಿ, ತನ್ನ ಭಾಗವನ್ನು ಮಾತ್ರ ಮುಚ್ಚಿಡಲು ಯೋಚಿಸಿತು. ಪರವಾನಗಿಯು ಅದಕ್ಕೆ ಎಡೆಗೊಡುವುದಿಲ್ಲವೆಂದು ಫೌಂಡೇಶನ್ ಪಟ್ಟು ಹಿಡಿಯಿತು. ಸಂಸ್ಥೆಯು ಆ ಭಾಗದ ಮೂಲಪಾಠವನ್ನು ಹೊರಗೆಡಹಿತು. ಅದು ಇಂದಿಗೂ ಗ್ನೂ ಕಂಪೈಲರಿನಲ್ಲಿದೆ. ದೊಡ್ಡ ಬಂಡವಾಳವೊಂದು, ಸೈನ್ಯವಿಲ್ಲದ, ಸಂಪತ್ತಿಲ್ಲದ ಒಂದು ಸಣ್ಣ ಸಂಘದ ಮಾತಿಗೆ ಮಣಿದುದು ಆ ಸಂಘದ ಬಲದಿಂದಲ್ಲ, ಪರವಾನಗಿಯ ಒಂದೆರಡು ವಾಕ್ಯಗಳ ಬಲದಿಂದ.

1990ರ ಹೊತ್ತಿಗೆ ಗ್ನೂ ವ್ಯವಸ್ಥೆಯ ಅಂಗಗಳೆಲ್ಲ ಬಹುಮಟ್ಟಿಗೆ ಸಿದ್ಧವಾಗಿದ್ದುವು. ಪ್ರಾಣಸ್ಥಾನವಾದ ಕರ್ನಲ್ ಒಂದು ಮಾತ್ರ ಇರಲಿಲ್ಲ. ಯಂತ್ರಾಂಶಕ್ಕೂ ಉಳಿದ ತಂತ್ರಾಂಶಗಳಿಗೂ ನಡುವೆ ನಿಂತು, ಸ್ಮೃತಿಯನ್ನೂ ಕಾಲವನ್ನೂ ಹಂಚಿಕೊಡುವ ಭಾಗವಿದು. ಹರ್ಡ್ ಎಂಬ ಹೆಸರಿನಲ್ಲಿ ಅದರ ರಚನೆಗೆ ಫೌಂಡೇಶನ್ ತೊಡಗಿತಾದರೂ, ಆಯ್ದುಕೊಂಡ ವಿನ್ಯಾಸವು ಅತಿ ಜಟಿಲವಾದುದರಿಂದ ಕೆಲಸವು ಕುಂಟುತ್ತ ಸಾಗಿತು. ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾನಿಲಯದವರ ವ್ಯವಸ್ಥೆಯೊಂದು ಬಹುತೇಕ ಸಿದ್ಧವಾಗಿದ್ದರೂ, 1992ರಲ್ಲಿ ಯುನಿಕ್ಸಿನ ಹಕ್ಕುದಾರರು ಹೂಡಿದ ದಾವೆಯು 1994ರವರೆಗೆ ಅದರ ಕಾಲನ್ನು ಕಟ್ಟಿಹಾಕಿತು.

ಬೇಕಾದುದು ಬಂದದ್ದು ಯಾರೂ ನಿರೀಕ್ಷಿಸದ ದಿಕ್ಕಿನಿಂದ. ಫಿನ್‌ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾನಿಲಯದಲ್ಲಿ ಓದುತ್ತಿದ್ದ ಲೀನಸ್ ಟಾರ್ವಾಲ್ಡ್ಸ್ ಎಂಬ ಇಪ್ಪತ್ತೊಂದರ ತರುಣನು 1991ರ ಜನವರಿಯಲ್ಲಿ ಹೊಸ ಯಂತ್ರವೊಂದನ್ನು ಕೊಂಡು, ಆಮ್‌ಸ್ಟರ್‌ಡ್ಯಾಮಿನ ಆಚಾರ್ಯ ಆಂಡ್ರೂ ಟಾನೆನ್‌ಬಾಮರು ಬೋಧನೆಗಾಗಿ ರಚಿಸಿದ್ದ ಮಿನಿಕ್ಸ್ ವ್ಯವಸ್ಥೆಯನ್ನು ಅದರಲ್ಲಿ ಹೂಡಿ, ಅದರ ಮಿತಿಗಳಿಂದ ಬೇಸತ್ತು, ತನ್ನದೇ ಒಂದು ಕರ್ನಲನ್ನು ಬರೆಯತೊಡಗಿದನು. ಮಿನಿಕ್ಸಿನ ಮೂಲಪಾಠವನ್ನು ಪುಸ್ತಕದೊಡನೆ ಕೊಂಡು ಓದಬಹುದಾಗಿತ್ತು. ತಿದ್ದಿದ ಇಡೀ ವ್ಯವಸ್ಥೆಯನ್ನು ಹಂಚುವಂತಿರಲಿಲ್ಲ. ಓದುವ ಹಕ್ಕಿದ್ದೂ ಹಂಚುವ ಹಕ್ಕಿಲ್ಲದ ಆ ಅರೆ ಸ್ವಾತಂತ್ರ್ಯದ ಎಲ್ಲೆಯಲ್ಲಿಯೇ ಹೊಸದರ ಬೀಜ ಬಿದ್ದಿತು. ಆಗಸ್ಟ್ 25ರಂದು ಅವನು ಮಿನಿಕ್ಸ್ ಬಳಕೆದಾರರಿಗೆ ಬರೆದ ಸಂದೇಶದಲ್ಲಿ, ಇದು ಕೇವಲ ಹವ್ಯಾಸವೆಂದೂ, ಗ್ನೂ ವ್ಯವಸ್ಥೆಯಷ್ಟು ದೊಡ್ಡದಾಗಲಾರದೆಂದೂ ವಿನಯದಿಂದ ಹೇಳಿಕೊಂಡಿದ್ದನು. ಆದರೆ ಅದೇ ಸಂದೇಶದಲ್ಲಿ, ತನ್ನ ಕರ್ನಲಿನ ಮೇಲೆ ಗ್ನೂ ಕಂಪೈಲರೂ ಬ್ಯಾಷೂ ಆಗಲೇ ನಡೆಯುತ್ತಿವೆಯೆಂದೂ ತಿಳಿಸಿದ್ದನು. ಎಂಟು ವರ್ಷಗಳಿಂದ ಅಟ್ಲಾಂಟಿಕಿನ ಆಚೆಯ ದಡದಲ್ಲಿ ಕೂಡಿಟ್ಟಿದ್ದ ಉಪಕರಣಗಳು ಈಚೆಯ ದಡದ ಅಪರಿಚಿತನೊಬ್ಬನಿಗೆ ಕೇಳದೆಯೇ ಒದಗಿದುವು. ಸೆಪ್ಟೆಂಬರ್ 17ರಂದು ಸುಮಾರು ಹತ್ತು ಸಾವಿರ ಸಾಲುಗಳ ಮೊದಲ ಆವೃತ್ತಿಯು ಸಿದ್ಧವಾಯಿತು. ‘ಫ್ರೀಕ್ಸ್’ ಎಂಬ ಹೆಸರನ್ನು ಅವನು ಮನಸ್ಸಿನಲ್ಲಿಟ್ಟಿದ್ದನು; ಅದನ್ನು ಜಾಲದಲ್ಲಿ ಇರಿಸಲು ಸ್ಥಳ ಕೊಟ್ಟ ಆರಿ ಲೆಮ್ಕೆ ಎಂಬವರು ಆ ಹೆಸರನ್ನು ಮೆಚ್ಚದೆ, ಕಡತದ ಮನೆಗೆ ‘ಲಿನಕ್ಸ್’ ಎಂದು ಹೆಸರಿಟ್ಟುಬಿಟ್ಟರು; ಆ ಹೆಸರೇ ನಿಂತಿತು.

ಮೊದಲು ಟಾರ್ವಾಲ್ಡ್ಸರು ಯಾರೂ ಇದರಿಂದ ಹಣ ಪಡೆಯಬಾರದೆಂದು ನಿಯಮ ಮಾಡಿದ್ದರು. ಆದರೆ ಫ್ಲಾಪಿಗಳಲ್ಲಿ ತುಂಬಿಸಿ ಹಂಚುವವರಿಗೆ ಫ್ಲಾಪಿಯ ಬೆಲೆಯಾದರೂ ಗಿಟ್ಟಬೇಡವೇ ಎಂಬ ಪ್ರಶ್ನೆ ಬಂದಾಗ ಅವರು ಯೋಚಿಸಿ, 1992ರ ಆರಂಭದಲ್ಲಿ ಆ ನಿಯಮವನ್ನು ಬಿಟ್ಟು ಸಾರ್ವಜನಿಕ ಪರವಾನಗಿಯನ್ನೇ ಸ್ವೀಕರಿಸಿದರು. ಈ ಯುಗದ ಅತ್ಯಂತ ಫಲಪ್ರದವಾದ ನಿರ್ಧಾರವಿದೆಂದರೆ ಅತಿಶಯವಾಗದು. ಪರದೇಶದ ವಿದ್ಯಾರ್ಥಿಯೂ, ರಾತ್ರಿಯ ಬಿಡುವಿನಲ್ಲಿ ಕುಳಿತ ಉದ್ಯೋಗಿಯೂ, ತನ್ನ ಬರಹವನ್ನು ನಾಳೆ ಯಾರೂ ಕಸಿದುಕೊಳ್ಳಲಾರರೆಂಬ ಭರವಸೆಯಿಂದ ಸಾಲುಗಳನ್ನು ಕಳುಹಿಸತೊಡಗಿದರು. 1994ರ ಮಾರ್ಚ್ 14ರಂದು 1.0 ಆವೃತ್ತಿಯು ಹೊರಬಂದಾಗ ಅದರಲ್ಲಿ 1,76,250 ಸಾಲುಗಳಿದ್ದುವು. ಗ್ನೂ ಉಪಕರಣಗಳನ್ನೂ ಲಿನಕ್ಸ್ ಕರ್ನಲನ್ನೂ ಕೂಡಿಸಿ, ಸಾಮಾನ್ಯನು ತನ್ನ ಯಂತ್ರದಲ್ಲಿ ಹೂಡಿಕೊಳ್ಳಬಹುದಾದ ವಿತರಣೆಗಳು ಬಂದುವು. ಅವುಗಳಲ್ಲಿ 1993ರ ಆಗಸ್ಟಿನಲ್ಲಿ ಇಯಾನ್ ಮರ್ಡಾಕರು ಆರಂಭಿಸಿದ ಡೆಬಿಯನ್, ಯಾವ ಸಂಸ್ಥೆಯ ಸೊತ್ತೂ ಆಗದೆ, 1997ರಲ್ಲಿ ತಾನೇ ಬರೆದುಕೊಂಡ ಸಾಮಾಜಿಕ ಒಡಂಬಡಿಕೆಗೆ ಬದ್ಧವಾಗಿ, ಸ್ವಯಂಸೇವಕರಿಂದಲೇ ಇಂದಿಗೂ ನಡೆಯುತ್ತಿದೆ.

ಬಲಾಢ್ಯರು ಇದನ್ನು ಗಮನಿಸದೆ ಇರಲಿಲ್ಲ. 1998ರ ಶರತ್ಕಾಲದಲ್ಲಿ ಹೊರಬಿದ್ದ ಮೈಕ್ರೋಸಾಫ್ಟಿನ ಒಳಗಿನ ಟಿಪ್ಪಣಿಯೊಂದು, ಈ ಬಗೆಯ ತಂತ್ರಾಂಶವು ತಮಗೆ ನಿಜವಾದ ಸ್ಪರ್ಧಿಯೆಂದು ಒಪ್ಪಿಕೊಂಡು, ಎಲ್ಲರಿಗೂ ಸಾಮಾನ್ಯವಾದ ಸಂವಹನ ನಿಯಮಗಳನ್ನು ತಮ್ಮದಾಗಿ ಹಿಗ್ಗಿಸಿಕೊಂಡರೆ ಅದರ ಪ್ರವೇಶವನ್ನು ತಡೆಯಬಹುದೆಂದು ಸೂಚಿಸಿತ್ತು. ಅದೇ ವರ್ಷದ ಮೇ 18ರಂದು ಅಮೆರಿಕದ ಸರ್ಕಾರವು ಆ ಸಂಸ್ಥೆಯ ಮೇಲೆ ಮೊಕದ್ದಮೆ ಹೂಡಿತ್ತು. ನ್ಯಾಯಾಧೀಶ ಥಾಮಸ್ ಪೆನ್‌ಫೀಲ್ಡ್ ಜಾಕ್ಸನ್ನರು 1999ರ ನವೆಂಬರಿನಲ್ಲಿ, ಸಂಸ್ಥೆಗೆ ಏಕಸ್ವಾಮ್ಯದ ಶಕ್ತಿಯಿದೆಯೆಂದು ನಿರ್ಣಯಿಸಿದರು. ಸಂಸ್ಥೆಯನ್ನು ಎರಡಾಗಿ ಒಡೆಯಬೇಕೆಂಬ 2000ದ ಆಜ್ಞೆಯು ಮೇಲಿನ ನ್ಯಾಯಾಲಯದಲ್ಲಿ 2001ರಲ್ಲಿ ರದ್ದಾದರೂ, ಏಕಸ್ವಾಮ್ಯವನ್ನು ಅಕ್ರಮವಾಗಿ ಕಾಯ್ದುಕೊಂಡಿತೆಂಬ ತೀರ್ಮಾನವು ಉಳಿಯಿತು. ನ್ಯಾಯಾಲಯವು ದಂಡಿಸಬಲ್ಲದು, ಇನ್ನೊಂದು ವ್ಯವಸ್ಥೆಯನ್ನು ಬರೆದುಕೊಡಲಾರದು. ಅದನ್ನು ಬರೆದವರು ಬೇರೆಯವರು.

ಸ್ವಾತಂತ್ರ್ಯವು ಎಲ್ಲಿ ಗಟ್ಟಿ, ಎಲ್ಲಿ ದುರ್ಬಲ ಎಂಬುದನ್ನು ಮುಂದಿನ ಎರಡು ಪ್ರಸಂಗಗಳು ತೋರಿಸುತ್ತವೆ. ಓಪನ್‌ಆಫೀಸ್ ಎಂಬ ಕಚೇರಿ ತಂತ್ರಾಂಶದ ಮೂಲಪಾಠವನ್ನು ಸನ್ ಸಂಸ್ಥೆಯು 2000ದಲ್ಲಿ ಬಿಡುಗಡೆ ಮಾಡಿತ್ತು. 2010ರಲ್ಲಿ ಆ ಸಂಸ್ಥೆಯೇ ಒರಾಕಲ್ಲಿನ ವಶವಾದಾಗ, ಬರೆಯುತ್ತಿದ್ದವರು ಆ ವರ್ಷದ ಸೆಪ್ಟೆಂಬರಿನಲ್ಲಿ ಮೂಲಪಾಠದ ಪ್ರತಿಯೊಡನೆ ಹೊರಬಂದು, ಲಿಬ್ರೆಆಫೀಸ್ ಎಂಬ ಹೊಸ ಹೆಸರಿನಲ್ಲಿ ಕೆಲಸವನ್ನು ಮುಂದುವರಿಸಿದರು. ಒಡೆಯನು ಬದಲಾದನು, ಪಾಠವು ಬದುಕಿತು. ಜರ್ಮನಿಯ ಮ್ಯೂನಿಕ್ ನಗರದ ಅನುಭವ ಬೇರೆ. ಮೈಕ್ರೋಸಾಫ್ಟಿನ ಮುಖ್ಯಸ್ಥ ಸ್ಟೀವ್ ಬಾಲ್ಮರರು ತಾವೇ ಬಂದು ಮೇಯರ್ ಕ್ರಿಸ್ಟಿಯನ್ ಊಡೆಯವರನ್ನು ಕಂಡು ಮಾತನಾಡಿದರೂ ಮಣಿಯದೆ, ನಗರಸಭೆಯು 2003ರ ಮೇ 28ರಂದು ತನ್ನ ಸುಮಾರು ಹದಿನಾಲ್ಕು ಸಾವಿರ ಯಂತ್ರಗಳನ್ನು ಲಿನಕ್ಸಿಗೆ ಬದಲಿಸಲು ನಿರ್ಧರಿಸಿತು; ಹತ್ತು ವರ್ಷಗಳ ಶ್ರಮದಿಂದ 2013ರಲ್ಲಿ ಆ ಕೆಲಸ ಮುಗಿಯಿತು; ನಾಲ್ಕೇ ವರ್ಷಗಳಲ್ಲಿ, ಆಡಳಿತದ ಕೈ ಬದಲಾದ ಮೇಲೆ, ವಿಂಡೋಸಿಗೆ ಹಿಂದಿರುಗುವ ನಿರ್ಣಯವಾಯಿತು. ಪರವಾನಗಿಯು ಪಾಠವನ್ನು ಕಾಯಬಲ್ಲದು. ಬಳಸುವವರ ಸಂಕಲ್ಪವನ್ನು ಅವರೇ ಕಾಯಬೇಕು.

ಈ ಕಥೆಯು ನಮ್ಮಿಂದ ದೂರದ್ದೆಂದು ಭಾವಿಸಬೇಕಾಗಿಲ್ಲ. ನೆರೆಯ ಕೇರಳದ ತಿರುವನಂತಪುರದಲ್ಲಿ 2001ರ ಜುಲೈಯಲ್ಲಿ ಈ ಚಳವಳಿಯ ಭಾರತೀಯ ಶಾಖೆಯು ಆರಂಭವಾಗಿ, ಅಲ್ಲಿಯ ಸರ್ಕಾರಿ ಶಾಲೆಗಳ ಮಕ್ಕಳು ಸ್ವತಂತ್ರ ತಂತ್ರಾಂಶದಲ್ಲಿಯೇ ಗಣಕವನ್ನು ಕಲಿಯುವಂತಾಯಿತು. ಕನ್ನಡಿಗರಿಗಂತೂ ಮುಚ್ಚಿದ ಸಂಕೇತದ ಸಂಕಟವು ಅನುಭವಸಿದ್ಧ. ಒಂದೊಂದು ತಂತ್ರಾಂಶವೂ ಕನ್ನಡದ ಅಕ್ಷರಗಳಿಗೆ ತನ್ನದೇ ಗುಪ್ತ ಸಂಖ್ಯೆಗಳನ್ನು ಕೊಟ್ಟಿದ್ದ ಕಾಲದಲ್ಲಿ, ಒಬ್ಬರು ಟೈಪು ಮಾಡಿದ ಲೇಖನವನ್ನು ಇನ್ನೊಬ್ಬರು ತೆರೆದರೆ, ಕನ್ನಡದ ಬದಲಿಗೆ ರೋಮನ್ ಅಕ್ಷರಗಳೂ ಚಿಹ್ನೆಗಳೂ ಕಲಸಿದ ಅರ್ಥಹೀನ ಸಾಲುಗಳು ಪರದೆಯ ಮೇಲೆ ಹರಡುತ್ತಿದ್ದುವು. ಅದೇ ಫಾಂಟು ದೊರೆತರೆ ಮಾತ್ರ ಬರಹ ಕನ್ನಡವಾಗುತ್ತಿತ್ತು. ತನ್ನ ಬರಹವನ್ನು ಓದಲು ಬರೆದವನೇ ಮತ್ತೊಬ್ಬರ ಬಾಗಿಲಲ್ಲಿ ನಿಲ್ಲಬೇಕಾದ ದುಃಸ್ಥಿತಿಯಿದು. ಕಿನ್ನಿಕಂಬಳ ಪದ್ಮನಾಭ ರಾಯರು, ಕೆ. ಪಿ. ರಾವ್ ಎಂದು ನಾವು ಬಲ್ಲ ಮಹನೀಯರು, ಕನ್ನಡಕ್ಕೆ ಸುಲಭವಾದ ಕೀಲಿಮಣೆಯ ವಿನ್ಯಾಸವನ್ನು ರೂಪಿಸಿ, ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ಹೆಸರಿನ ತಂತ್ರಾಂಶವನ್ನು ಜನರಿಗೆ ಉಚಿತವಾಗಿ ಕೊಟ್ಟರು; ಇಂದು ಈ ನುಡಿಯನ್ನು ಟೈಪು ಮಾಡುವ ಬಹುಮಂದಿಯ ಬೆರಳುಗಳು ಅವರ ವಿನ್ಯಾಸದ ಜಾಡಿನಲ್ಲಿಯೇ ನಡೆಯುತ್ತವೆ. 1991ರ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ ಸ್ಥಾನವಿದ್ದ ಯೂನಿಕೋಡ್ ಎಂಬ ಮುಕ್ತ ಶಿಷ್ಟತೆಯು ಬಳಕೆಗೆ ಬಂದ ಮೇಲೆ ಅಕ್ಷರಗಳಿಗೆ ಎಲ್ಲರೂ ಒಪ್ಪಿದ ಸಂಖ್ಯೆಗಳು ದೊರೆತುವು. ಸ್ವತಂತ್ರ ಪರವಾನಗಿಗಳಡಿ ಕೇದಗೆ, ಮಲ್ಲಿಗೆ, ಗುಬ್ಬಿ, ನವಿಲು ಎಂಬ ಫಾಂಟುಗಳು ಬಂದು ಡೆಬಿಯನ್ನಿನ ಭಂಡಾರವನ್ನು ಸೇರಿದುವು. ಲೋಕದ ಯಾವ ಮೂಲೆಯಲ್ಲಿ ಯಾರು ಆ ವ್ಯವಸ್ಥೆಯ ಫಾಂಟುಗಳ ಪಟ್ಟಿಯನ್ನು ತೆರೆದರೂ, ಅವುಗಳನ್ನು ಹೂಡಿಕೊಂಡಿದ್ದರೆ, ಎರಡು ಹೂಗಳೂ ಎರಡು ಹಕ್ಕಿಗಳೂ ನಮ್ಮ ಹೆಸರುಗಳಲ್ಲಿಯೇ ಅಲ್ಲಿವೆ.

ಗೆಲುವು ಪೂರ್ಣವಾಯಿತೆಂದು ಹೇಳಲಾರೆ. ಲಿನಕ್ಸ್ ಕರ್ನಲ್ ಇಂದು ಕೋಟ್ಯಂತರ ಆಂಡ್ರಾಯ್ಡ್ ಫೋನುಗಳ ಒಡಲಿನಲ್ಲಿದೆ. ಆದರೆ ಆ ಫೋನುಗಳಲ್ಲಿ ಬಹುಪಾಲು ತಮ್ಮನ್ನು ಕೊಂಡವನಿಗೇ ಬೀಗ ಹಾಕಿಕೊಂಡಿವೆ. ತಂತ್ರಾಂಶವು ನಮ್ಮ ಯಂತ್ರವನ್ನೇ ಬಿಟ್ಟು ದೂರದ ಸಂಸ್ಥೆಗಳ ಯಂತ್ರಗಳಲ್ಲಿ ನಡೆಯತೊಡಗಿದಾಗ, ಅದನ್ನು ನಮಗೆ ಹಂಚುವ ಪ್ರಶ್ನೆಯೇ ಏಳದುದರಿಂದ, ಹಂಚುವಿಕೆಯ ಮೇಲೆ ನಿಂತ ಹಳೆಯ ಪರವಾನಗಿಯ ಹಿಡಿತವು ಅಲ್ಲಿಗೆ ಎಟಕುವುದಿಲ್ಲ. ಮೆನ್ಲೊ ಪಾರ್ಕಿನ ಗ್ಯಾರೇಜಿನಲ್ಲಿ ನೆರೆದವರು ಶೀತಲ ಕೊಠಡಿಯಿಂದ ಬಿಡಿಸಿ ತಂದ ಯಂತ್ರವು ಮತ್ತೆ ಅಂಥದೇ ಕೊಠಡಿಗೆ ಹಿಂದಿರುಗುತ್ತಿರುವ ಕಾಲವಿದು. ಆದಾಗ್ಯೂ 1984ರಲ್ಲಿ ಒಬ್ಬನೇ ಮನುಷ್ಯನು ಕೆಲಸ ಬಿಟ್ಟು ಬರೆಯಲು ಕುಳಿತಾಗ ಇದ್ದುದಕ್ಕಿಂತ ನಮ್ಮ ಸ್ಥಿತಿ ಎಷ್ಟೋ ಮೇಲು. ಆಗ ಸಂಕಲ್ಪ ಮಾತ್ರವಿತ್ತು, ಈಗ ಸಂಪೂರ್ಣ ವ್ಯವಸ್ಥೆಯೇ ಕೈಯಲ್ಲಿದೆ.

ಆದುದರಿಂದ ವಾಚಕರಲ್ಲಿ ನನ್ನ ವಿನಂತಿಯಿಷ್ಟೆ. ನಿಮ್ಮ ಕಥೆ, ಕವಿತೆ, ಲೆಕ್ಕಪತ್ರ, ಮನೆಯವರ ಪತ್ರಗಳು ಯಾವ ಹಳೆಯ ಸಂಕೇತದಲ್ಲಿ ಕುಳಿತಿವೆಯೆಂಬುದನ್ನು ಒಮ್ಮೆ ತೆರೆದು ನೋಡಿರಿ. ಯೂನಿಕೋಡಿಗೆ ತಂದು, ಯಾವ ತಂತ್ರಾಂಶಕ್ಕಾದರೂ ಓದಲು ಬರುವ ಮುಕ್ತ ರೂಪದಲ್ಲಿ ಒಂದು ಪ್ರತಿಯನ್ನು ತೆಗೆದಿಡಿರಿ. ಮನೆಯ ಹಳೆಯ ಗಣಕವೊಂದಿದ್ದರೆ ಅದರಲ್ಲಿ ಸ್ವತಂತ್ರ ವ್ಯವಸ್ಥೆಯನ್ನು ಹೂಡಿ ಮಕ್ಕಳ ಕೈಗೆ ಕೊಡಿರಿ. ಓಲೆಗರಿಯನ್ನು ಪ್ರತಿ ಮಾಡಿದ ಲಿಪಿಕಾರನು ನಮಗೆ ಮಾಡಿದ ಉಪಕಾರವನ್ನು ನಾವು ಮುಂದಿನವರಿಗೆ ಮಾಡಬೇಕಾದ ರೀತಿ ಇದು.